ಪಾಠಾಂತರಗಳ ಕಪಾಟು

ನಮ್ಮ ಮನೆಯ ಪುಸ್ತಕದ ಕಪಾಟಿನಲ್ಲಿ ಕೆಳಗಿನ ಎರಡು ಅರೆಗಳು ಪುಸ್ತಕಗಳಿಗೆ ಸೇರಿದವಲ್ಲ. ಅಲ್ಲಿರುವುದು ಡಿಸ್ಕುಗಳು. ಅವುಗಳಲ್ಲಿ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ಮೂರು ಸಲ ಇದೆ: ಒಂದು ವಿಸಿಡಿ, ಒಂದು ಡಿವಿಡಿ, ಒಂದು ಬ್ಲೂ-ರೇ. ಮೂರನೆಯದು ಅಮೆರಿಕದಲ್ಲಿರುವ ಭಾವಮೈದುನನ ಸೂಟ್‌ಕೇಸಿನಲ್ಲಿ, ಬಾದಾಮಿ ಪೊಟ್ಟಣಗಳ ನಡುವೆ ಬೆಚ್ಚಗೆ ಕೂತು ಬಂದ ದಿನ ನನ್ನ ಹೆಂಡತಿ ಕೇಳಿದಳು: “ಅಲ್ಲಾ ರೀ, ಅದೇ ಹುಡುಗ, ಅದೇ ರೈಲು. ಇನ್ನೂ ಎಷ್ಟು ಸಲ ಕೊಂಡ್ಕೋತೀರ?”

ಉತ್ತರ ಕೊಡುವ ಮೊದಲೇ ನನ್ನ ಪ್ಲೇಯರು ಅವಳ ಪಕ್ಷ ವಹಿಸಿತು. ಡಿಸ್ಕನ್ನು ಒಳಗೆಳೆದುಕೊಂಡು ಸ್ವಲ್ಪ ಹೊತ್ತು ಗುರ್ ಎಂದು, ಇದು ನಿಮ್ಮ ಪ್ರದೇಶದ ಡಿಸ್ಕ್ ಅಲ್ಲ ಎಂದು ಪರದೆಯ ಮೇಲೆ ಬರೆದು ಹೊರಗೆ ಉಗುಳಿತು. ಬ್ಲೂ-ರೇ ಲೋಕದಲ್ಲಿ ಅಮೆರಿಕ ‘ಎ’ ಪ್ರದೇಶ, ಭಾರತ ‘ಸಿ’ ಪ್ರದೇಶ. ಬಂಗಾಳದ ಹಳ್ಳಿಯೊಂದರ ಕತೆ ಭಾರತದ ಪ್ರದೇಶಕ್ಕೆ ಸೇರಿದ್ದಲ್ಲ ಎಂದು ಬೆಂಗಳೂರಿನ ಮನೆಯೊಂದರಲ್ಲಿ ಒಂದು ಯಂತ್ರ ತೀರ್ಪು ಕೊಟ್ಟಿತು. ಎಲ್ಲ ಪ್ರದೇಶಗಳ ಡಿಸ್ಕನ್ನೂ ಓದುವ ಇನ್ನೊಂದು ಪ್ಲೇಯರು ತರುವವರೆಗೆ ಆ ಹುಡುಗ ಅಪು ಮೂರು ತಿಂಗಳು ಡಬ್ಬಿಯಲ್ಲೇ ಕಾದ. ಆ ಪ್ಲೇಯರಿನ ಬೆಲೆಯನ್ನು ಮನೆಯಲ್ಲಿ ಇವತ್ತಿಗೂ ಪೂರ್ತಿ ಹೇಳಿಲ್ಲ.

ಈ ಹುಚ್ಚಿಗೆ ಬೀಜ ಬಿದ್ದದ್ದು ಸಿನಿಮಾ ಮಂದಿರದಲ್ಲಲ್ಲ, ಕನ್ನಡ ಎಂ.ಎ. ತರಗತಿಯಲ್ಲಿ. ಮಧ್ಯಾಹ್ನದ ಊಟವಾದ ಮೇಲೆ ಗ್ರಂಥಸಂಪಾದನೆಯ ಪಾಠ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಪಠ್ಯ. ಅರ್ಧ ತರಗತಿ ತೂಕಡಿಸುತ್ತಿದ್ದರೆ ನಾನು ಮಾತ್ರ ಪತ್ತೇದಾರಿ ಕಾದಂಬರಿ ಕೇಳಿದ ಹಾಗೆ ಕೇಳುತ್ತಿದ್ದೆ. ಮೂಲಪ್ರತಿ ಕಳೆದುಹೋಗಿದೆ. ಕೈಗೆ ಸಿಕ್ಕಿರುವುದು ಪ್ರತಿಯ ಪ್ರತಿ. ಒಬ್ಬ ಲಿಪಿಕಾರ ನಿದ್ದೆಗಣ್ಣಿನಲ್ಲಿ ಒಂದು ಸಾಲು ನುಂಗಿದ್ದಾನೆ, ಇನ್ನೊಬ್ಬ ತಾನೇ ಜಾಣನೆಂದುಕೊಂಡು ಒಂದು ಪದ್ಯ ಸೇರಿಸಿದ್ದಾನೆ. ಎಲ್ಲವನ್ನೂ ಪಕ್ಕಪಕ್ಕ ಇಟ್ಟುಕೊಂಡು ಕವಿ ಬರೆದದ್ದು ಯಾವುದು ಎಂದು ಊಹಿಸಬೇಕು. ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ‘ಕ’ ಪ್ರತಿ, ‘ಖ’ ಪ್ರತಿ ಎಂದು ಪಾಠಾಂತರ ಕೊಟ್ಟಿರುತ್ತಾರಲ್ಲ, ನನಗೆ ಪದ್ಯಕ್ಕಿಂತ ಆ ಅಡಿಟಿಪ್ಪಣಿಯಲ್ಲೇ ರುಚಿ. ಮುಂದೆ ನಾನು ಯಾವ ಹಸ್ತಪ್ರತಿಯನ್ನೂ ಸಂಪಾದಿಸಲಿಲ್ಲ. ಡಿಸ್ಕುಗಳನ್ನು ಗುಡ್ಡೆ ಹಾಕಿದೆ.

ಓಲೆಗರಿಯ ಲಿಪಿಕಾರ ಕೊನೆಯಲ್ಲಿ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ ಎಂದು ಕೈಮುಗಿಯುತ್ತಿದ್ದ. ವಿಸಿಡಿ ಮಾಡಿದವರಿಗೆ ಆ ವಿನಯ ಇರಲಿಲ್ಲ. ಎರಡು ಸಾವಿರದ ಆಸುಪಾಸಿನಲ್ಲಿ ಗಾಂಧಿನಗರದ ಅಂಗಡಿಯೊಂದರಿಂದ ನಾನು ಚೀಲ ತುಂಬ ತರುತ್ತಿದ್ದ ಹಳೆಯ ಕನ್ನಡ ಚಿತ್ರಗಳ ವಿಸಿಡಿಗಳಲ್ಲಿ ಮೂಲೆಗೊಂದು ಕಂಪನಿಯ ಮುದ್ರೆ ಮೊದಲ ದೃಶ್ಯದಿಂದ ಕಡೆಯವರೆಗೂ ಮಿನುಗುತ್ತಿತ್ತು. ಸಾವಿನ ದೃಶ್ಯದಲ್ಲೂ ಮಿನುಗುತ್ತಿತ್ತು. ವಿಸಿಡಿಯ ಚಿತ್ರವೆಂದರೆ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿ, ಅಷ್ಟೇ. ಈಗಿನ 4ಕೆ ಟಿವಿಯಲ್ಲಿ ಅಡ್ಡಕ್ಕೇ 3840. ದೂರದಿಂದ ನಡೆದು ಬರುವವರು ಪಂಡರಿಬಾಯಿಯೋ ಲೀಲಾವತಿಯೋ ಎಂಬುದು ಅವರು ಬಾಯಿ ಬಿಟ್ಟ ಮೇಲೇ ಗೊತ್ತಾಗುತ್ತಿತ್ತು.

ಚಿತ್ರದ ಅಂಚುಗಳ ಕತೆ ಇನ್ನೂ ತಮಾಷೆಯದು. ಸಿನಿಮಾಸ್ಕೋಪ್ ಚಿತ್ರವನ್ನು ಆಗಿನ ಚೌಕ ಟಿವಿಗೆ ತುಂಬಲು ಎರಡೂ ಪಕ್ಕ ಕತ್ತರಿಸುತ್ತಿದ್ದರು. ನೂರಕ್ಕೆ ನಲವತ್ತು ಪಾಲಿಗೂ ಹೆಚ್ಚು ಚಿತ್ರ ಆಚೆ ಹೋಗುತ್ತಿತ್ತು. ನಾಯಕ ಎಡಗಡೆ, ನಾಯಕಿ ಬಲಗಡೆ ನಿಂತು ಜಗಳವಾಡಿದರೆ ನಮಗೆ ಕಾಣುತ್ತಿದ್ದುದು ನಡುವೆ ಇದ್ದ ಹೂದಾನಿ. ಆಮೇಲೆ ಟಿವಿಗಳೇ ಅಗಲವಾದವು. ಈಗ ಹಳೆಯ ಚೌಕ ಚಿತ್ರಗಳನ್ನು ಅಗಲ ಪರದೆಗೆ ತುಂಬಬೇಕೆಂದು ಮೇಲೂ ಕೆಳಗೂ ಕತ್ತರಿಸುತ್ತಾರೆ. ಹೆಚ್ಚುಕಡಿಮೆ ಕಾಲು ಭಾಗ ಲುಕ್ಸಾನು. ಆಗ ಅಕ್ಕಪಕ್ಕದವರು ಹೋಗುತ್ತಿದ್ದರು, ಈಗ ರಾಜನ ಕಿರೀಟ, ನರ್ತಕಿಯ ಪಾದ ಹೋಗುತ್ತಿವೆ. ಕತ್ತರಿ ಮಾತ್ರ ಅದೇ.

ಇವೆಲ್ಲ ಕಣ್ಣಿಗೆ ಕಾಣುವ ಕಳವು. ಕಿವಿಯಲ್ಲಿ ನಡೆದ ಇನ್ನೊಂದು ಕಳವನ್ನು ಹಿಡಿದವಳು ನನ್ನ ಹೆಂಡತಿ. ಅವಳು ಸಂಗೀತ ಕಲಿತವಳು. ಒಂದು ಸಂಜೆ ನಾನು ಡಿವಿಡಿ ಹಾಕಿಕೊಂಡು ಕೂತಿದ್ದಾಗ ಅಡುಗೆಮನೆಯಿಂದಲೇ, “ಈ ಹಾಡು ರೇಡಿಯೋದಲ್ಲಿ ಬರೋ ಶ್ರುತಿ ಇದಲ್ಲ. ಸ್ವಲ್ಪ ಏರಿದೆ” ಅಂದಳು. ನಾನು ನಂಬಲಿಲ್ಲ. ಶ್ರುತಿಪೆಟ್ಟಿಗೆ ತಂದು ಮುಂದೆ ಇಟ್ಟಳು. ಅವಳು ಹೇಳಿದ್ದೇ ಸರಿ. ಕಾರಣ ನನಗೆ ಆಮೇಲೆ ತಿಳಿಯಿತು. ಸಿನಿಮಾ ಸೆಕೆಂಡಿಗೆ 24 ಚಿತ್ರದಂತೆ ಓಡುತ್ತದೆ. ನಮ್ಮ ದೇಶದ ಹಳೆಯ ಟಿವಿ ಪದ್ಧತಿಯಲ್ಲಿ ಲೆಕ್ಕ 25. ಹೊಂದಿಸುವ ಸುಲಭದ ದಾರಿ ಎಂದರೆ ಇಡೀ ಚಿತ್ರವನ್ನೇ ನೂರಕ್ಕೆ ನಾಲ್ಕರಷ್ಟು ಬೇಗ ಓಡಿಸುವುದು. ಎರಡೂವರೆ ಗಂಟೆಯ ಚಿತ್ರ ಆರು ನಿಮಿಷ ಮುಂಚೆ ಮುಗಿಯುತ್ತದೆ, ದನಿ ಒಂದು ಸ್ವರಸ್ಥಾನದ ಮುಕ್ಕಾಲು ಭಾಗದಷ್ಟು ಮೇಲೇರುತ್ತದೆ. ರಾಜ್‌ಕುಮಾರ್ ಅವರ ಗಂಭೀರ ದನಿಗೆ ಒಂದೆರಡು ವರ್ಷ ಪ್ರಾಯ ಕಡಿಮೆಯಾಗುತ್ತದೆ. ಅಂದಿನಿಂದ ಅವಳು ನನ್ನ ಹುಚ್ಚನ್ನು ಪೂರ್ತಿ ಬೈಯುವುದನ್ನು ಬಿಟ್ಟಳು. ಅರ್ಧ ಬೈಯುತ್ತಾಳೆ.

ಮತ್ತೆ ‘ಪಥೇರ್ ಪಾಂಚಾಲಿ’ಗೆ ಬರುತ್ತೇನೆ. 1993ರಲ್ಲಿ ಲಂಡನ್ನಿನ ಒಂದು ಫಿಲಂ ಪ್ರಯೋಗಾಲಯಕ್ಕೆ ಬೆಂಕಿ ಬಿದ್ದು ಅಪು ತ್ರಿವಳಿಯ ಮೂಲ ನೆಗೆಟಿವುಗಳು ಸುಟ್ಟವು. ಕರಕಲಾದ ಸುರುಳಿಗಳನ್ನು ಆಸ್ಕರ್ ಪ್ರಶಸ್ತಿ ಕೊಡುವ ಅಕಾಡೆಮಿ ಎಸೆಯದೆ ತನ್ನ ಸಂಗ್ರಹದಲ್ಲಿ ಇಟ್ಟುಕೊಂಡಿತು. ಇಪ್ಪತ್ತು ವರ್ಷದ ಮೇಲೆ ಅವು ಇಟಲಿಯ ಬೊಲೊನ್ಯಾದ ಪುನರುಜ್ಜೀವನ ಪ್ರಯೋಗಾಲಯಕ್ಕೆ ಹೋದವು. ಅಲ್ಲಿಯವರು ಒಣಗಿ ಸೆಟೆದ ಫಿಲಮ್ಮಿಗೆ ತೇವ ಕೊಟ್ಟು ಮೆತ್ತಗೆ ಮಾಡಿ, ಕರಗಿದ ಟೇಪು ಕೆರೆದು, ಹರಿದ ಅಂಚಿನ ತೂತುಗಳನ್ನು ಕೈಯಲ್ಲೇ ಕಟ್ಟಿದರು. ಮುಟ್ಟಿದರೆ ಮುರಿಯುವ ಓಲೆಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ ಬಾಗುವಂತೆ ಮಾಡುವುದನ್ನು ನಾನು ವಿದ್ಯಾರ್ಥಿಯಾಗಿದ್ದಾಗ ನೋಡಿದ್ದೇನೆ. ಕೆಲಸದ ಬಗೆ ಅದೇ. ಕಡೆಗೆ ‘ಪಥೇರ್ ಪಾಂಚಾಲಿ’ಯಲ್ಲಿ ನೂರಕ್ಕೆ ನಲವತ್ತು ಪಾಲು, ‘ಅಪರಾಜಿತೋ’ದಲ್ಲಿ ಅರುವತ್ತಕ್ಕೂ ಮೇಲೆ ಆ ಸುಟ್ಟ ಮೂಲದಿಂದಲೇ ಬಂತು. ‘ಅಪುರ್ ಸಂಸಾರ್’ನ ಮೂಲದಲ್ಲಿ ಉಳಿದದ್ದು ಯಾವುದಕ್ಕೂ ಬಾರದಂತಿತ್ತು. ಹೀಗೆ ಸಿಗದ ಭಾಗಗಳನ್ನೆಲ್ಲ ಬೇರೆ ಬೇರೆ ಪ್ರತಿಗಳಿಂದ ತುಂಬಿ 2015ರಲ್ಲಿ ಮೂರೂ ಚಿತ್ರಗಳನ್ನು ಹೊರತಂದರು.

ನಾನು ಮೂರು ಡಿಸ್ಕುಗಳಲ್ಲೂ ಮೊದಲು ಹುಡುಕುವುದು ರೈಲನ್ನಲ್ಲ, ಕೊಳವನ್ನು. ಮಳೆಗೆ ಮುಂಚೆ ನೀರಿನ ಮೇಲೆ ಸಣ್ಣ ಹುಳುಗಳು ಜಾರುತ್ತಾ ಕುಣಿಯುವ ಒಂದು ತುಣುಕಿದೆ. ವಿಸಿಡಿಯಲ್ಲಿ ಅಲ್ಲಿ ಹುಳು ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಡಿವಿಡಿಯಲ್ಲಿ ಏನೋ ಕುಣಿಯುತ್ತಿತ್ತು, ಆದರೆ ಪ್ರಿಂಟಿನ ಮೇಲಿನ ಧೂಳೂ ಕುಣಿಯುತ್ತಿತ್ತು. ಹುಳು ಯಾವುದು ಧೂಳು ಯಾವುದು ಹೇಳಲಾಗುತ್ತಿರಲಿಲ್ಲ. ಬ್ಲೂ-ರೇಯಲ್ಲಿ ನೋಡಿದೆ. ಹುಳುವಿನ ಕಾಲು ಊರಿದ ಕಡೆ ನೀರು ಒಂದಿಷ್ಟು ತಗ್ಗಿ, ಅದರ ಸುತ್ತ ಬೆಳಕಿನ ಸಣ್ಣ ಬಳೆ. ಹತ್ತು ಸಲ ಹಿಂದಕ್ಕೆ ಹಾಕಿ ನೋಡಿದೆ. ರಾಯ್ ಮತ್ತು ಅವರ ಛಾಯಾಗ್ರಾಹಕ ಸುಬ್ರತ ಮಿತ್ರ ಯಾವುದೋ ಒಂದು ಮಧ್ಯಾಹ್ನ ನೋಡಿದ್ದನ್ನು ನಾನು ಅರುವತ್ತು ವರ್ಷ ತಡವಾಗಿ ನೋಡಿದೆ. ಹೆಂಡತಿಯ ಪ್ರಶ್ನೆಗೆ ನನ್ನ ಉತ್ತರ ಆ ಬಳೆ. ಅವಳಿಗೆ ತೋರಿಸಿದೆ ಕೂಡ. “ಚೆನ್ನಾಗಿದೆ” ಅಂದಳು, ಸ್ವಲ್ಪ ತಡೆದು “ಆದ್ರೂ...” ಅಂದಳು.

ಶುಚಿ ಮಾಡುವುದಕ್ಕೂ ಒಂದು ಮಿತಿ ಬೇಕು. ಫಿಲಮ್ಮಿಗೆ ಸ್ವಭಾವದಲ್ಲೇ ಒಂದು ತರಿ ಉಂಟು. ಬೆಳ್ಳಿಯ ಕಣಗಳಿಂದ ಮೂಡಿದ ಚಿತ್ರವಾದ್ದರಿಂದ ಚಿರೋಟಿ ರವೆ ಉದುರಿಸಿದ ಹಾಗೆ ಸದಾ ಸಣ್ಣಗೆ ಅಲುಗುತ್ತಿರುತ್ತದೆ. ಇದನ್ನೇ ಗ್ರೇನ್ ಎನ್ನುವುದು. ಹೊಸ ಟಿವಿ ಕೊಂಡವರಿಗೆ ಇದು ಕೊಳೆಯಂತೆ ಕಾಣುತ್ತದೆಂದು ಎಷ್ಟೋ ಕಂಪನಿಗಳು ಕಂಪ್ಯೂಟರಿನಲ್ಲಿ ಉಜ್ಜಿ ತೆಗೆದವು. ಗ್ರೇನ್ ಜೊತೆಗೆ ಮುಖದ ಸುಕ್ಕು, ಗಡ್ಡದ ಕೂಳೆ, ಬಟ್ಟೆಯ ನೇಯ್ಗೆ ಎಲ್ಲ ಹೋಗಿ ನಟರು ಮೇಣದ ಬೊಂಬೆಗಳಾದರು. ಆರ್ಸನ್ ವೆಲ್ಸ್‌ನ ‘ಸಿಟಿಜನ್ ಕೇನ್’ಗೆ ಹಿಂದೊಮ್ಮೆ ಬಂದ ಡಿವಿಡಿಯಲ್ಲಿ ಆದದ್ದನ್ನಂತೂ ಯಾವ ಲಿಪಿಕಾರನೂ ಮಾಡಿರಲಾರ. ಮುದುಕ ಬರ್ನ್‌ಸ್ಟೀನ್ ತನ್ನ ಕಚೇರಿಯಲ್ಲಿ ಕೂತು ಹಳೆಯದನ್ನು ನೆನೆಯುವಾಗ ಅವನ ಹಿಂದಿನ ಕಿಟಕಿಯಾಚೆ ಮಳೆ ಸುರಿಯುತ್ತಿರುತ್ತದೆ. ಶುಚಿ ಮಾಡುವವರು ಆ ಮಳೆಯನ್ನೂ ಗೀರುಗಳ ಜೊತೆಗೆ ಗುಡಿಸಿ ಹಾಕಿದ್ದರು. 2011ರ ಬ್ಲೂ-ರೇಯಲ್ಲಿ ಮಳೆ ಮತ್ತೆ ಬಂತು.

ನನ್ನ ಮೆಚ್ಚಿನ ಸಂಪಾದಕರೆಂದರೆ ಫ್ರಿಟ್ಸ್ ಲಾಂಗ್‌ನ 1927ರ ‘ಮೆಟ್ರೊಪೊಲಿಸ್’ ಮೇಲೆ ಕೆಲಸ ಮಾಡಿದವರು. ದಶಕಗಳಿಂದ ಕಾಣೆಯಾಗಿದ್ದ ಸುಮಾರು 25 ನಿಮಿಷದ ಭಾಗ 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ಸಂಗ್ರಹಾಲಯದಲ್ಲಿ, ಗೀರುಬಿದ್ದ 16 ಎಂ.ಎಂ. ಪ್ರತಿಯಲ್ಲಿ ಸಿಕ್ಕಿತು. ಅದರಲ್ಲಿ ಚಿತ್ರದ ಅಂಚೂ ಸ್ವಲ್ಪ ತಿಂದುಹೋಗಿತ್ತು. ಅವರು ಅದನ್ನು ಎಳೆದು ಹಿಗ್ಗಿಸಲಿಲ್ಲ, ಗೀರನ್ನು ಪೂರ್ತಿ ಮುಚ್ಚಲೂ ಇಲ್ಲ. ಅಂಚಿಗೆ ಕಪ್ಪು ಬಿಟ್ಟು ಹಾಗೇ ಕೂರಿಸಿದರು. ಸಿಗದೇ ಹೋದ ದೃಶ್ಯಗಳ ಜಾಗದಲ್ಲಿ ನಡೆದದ್ದೇನೆಂದು ಬರಹದಲ್ಲಿ ಹೇಳಿದರು. ಗ್ರಂಥಪಾತವಿದ್ದ ಕಡೆ ಚುಕ್ಕಿಗಳನ್ನಿಟ್ಟು ಬಿಡುವ ಪ್ರಾಮಾಣಿಕತೆ ಇದು. ಈಗ ಆ ಚಿತ್ರ ನೋಡುವಾಗ ಗೀರು ಶುರುವಾದ ಕೂಡಲೇ ನಾನು ನೆಟ್ಟಗೆ ಕೂರುತ್ತೇನೆ.

ಎಲ್ಲ ಕಡೆಯೂ ಇಷ್ಟು ಸಲೀಸಲ್ಲ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ಯನ್ನೇ ನೋಡಿ. ರಮೇಶ್ ಸಿಪ್ಪಿ ಮೊದಲು ಚಿತ್ರಿಸಿದ್ದ ಕೊನೆಯಲ್ಲಿ, ಕೈಯಿಲ್ಲದ ಠಾಕೂರ್ ಮೊಳೆ ಹೊಡೆದ ಬೂಟುಗಾಲಿನಲ್ಲಿ ಗಬ್ಬರನನ್ನು ಮುಗಿಸುತ್ತಾನೆ. ತುರ್ತುಪರಿಸ್ಥಿತಿಯ ಕಾಲ, ಸೆನ್ಸಾರ್ ಒಪ್ಪಲಿಲ್ಲ. ಪೊಲೀಸರು ಬಂದು ತಡೆಯುವ ಕೊನೆಯನ್ನು ಹೊಸದಾಗಿ ಚಿತ್ರಿಸಿ 1975ರ ಆಗಸ್ಟ್ 15ಕ್ಕೆ ಬಿಡುಗಡೆ ಮಾಡಿದರು. ಐವತ್ತು ವರ್ಷದ ಮೇಲೆ, 2025ರ ಜೂನಿನಲ್ಲಿ, ಮೊದಲಿನ ಕೊನೆಯನ್ನೇ ಉಳ್ಳ ಪುನರುಜ್ಜೀವಿತ ಪ್ರತಿ ಅದೇ ಬೊಲೊನ್ಯಾದ ಚೌಕದಲ್ಲಿ ಬಯಲಿನಲ್ಲಿ ಪ್ರದರ್ಶನವಾಯಿತು. ಗ್ರಂಥಸಂಪಾದನೆಯ ಶಾಸ್ತ್ರದ ಪ್ರಕಾರ ಪೊಲೀಸರು ಪ್ರಕ್ಷಿಪ್ತ, ಅಂದರೆ ಆಮೇಲೆ ಸೇರಿಸಿದ್ದು. ಆದರೆ ಒಂದು ದೇಶಕ್ಕೆ ದೇಶವೇ ಬಾಯಿಪಾಠ ಮಾಡಿಕೊಂಡ ಪ್ರಕ್ಷಿಪ್ತವನ್ನು ಅಡಿಟಿಪ್ಪಣಿಗೆ ಇಳಿಸುವ ಧೈರ್ಯ ನನಗಿಲ್ಲ. ನನ್ನ ಕಪಾಟಿನಲ್ಲಿ ಎರಡಕ್ಕೂ ಜಾಗ ಇರಲಿ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆಂದು ಅದೇ ಸಾಲಿನಲ್ಲಿ ಒಂದು ಬೆರಳಗಲ ಜಾಗ ಬಿಟ್ಟಿದ್ದೇನೆ. 1977ರ ಆ ಕಪ್ಪು-ಬಿಳುಪು ಚಿತ್ರದ 4ಕೆ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ನನ್ನ ಬಳಿ ಇರುವುದು ಯಾವುದೋ ಟಿವಿ ಪ್ರಸಾರದಿಂದ ಇಳಿಸಿಕೊಂಡ ಟೇಪು. ಅದರಲ್ಲಿ ಛಾಯಾಗ್ರಾಹಕ ಎಸ್. ರಾಮಚಂದ್ರ ಅವರ ರಾತ್ರಿಗಳೆಲ್ಲ ಬರೀ ಮಸಿ. ಆ ಮಸಿಯೊಳಗೆ ಏನೇನಿದೆಯೋ ನೋಡಬೇಕು.

ಬಣ್ಣ ಹಚ್ಚುವ ವಿಷಯಕ್ಕೆ ಬಂದರೆ ನಾನು ಮಡಿವಂತ. ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ, ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಕಟ್ಟಿ ತೆರೆಗೆ ತಂದರು. ಜನ ಕಿಕ್ಕಿರಿದರು. ನಾನು ಹೋಗಲಿಲ್ಲ. ಕೆಲವು ವರ್ಷ ಕಳೆದು ಒಂದು ಭಾನುವಾರ ಬಣ್ಣದ ‘ಕಸ್ತೂರಿ ನಿವಾಸ’ ಟಿವಿಯಲ್ಲಿ ಬಂತು. ಅಮ್ಮ ಸೋಫಾದ ಮೇಲೆ ಕಾಲು ಮಡಿಸಿ ಕೂತರು. 1971ರಲ್ಲಿ ಮದುವೆಯಾದ ಹೊಸದರಲ್ಲಿ ನೋಡಿದ ಚಿತ್ರವಂತೆ. ಅವರಿಗಾದರೂ ಹಿಡಿಸಲಿ ಎಂದು ನಾನು ಸುಮ್ಮನಿದ್ದೆ. ಜಯಂತಿ ಬಂದ ಒಂದು ದೃಶ್ಯದಲ್ಲಿ ಅಮ್ಮನ ಹುಬ್ಬು ಗಂಟಾಯಿತು.

“ಈ ಸೀರೆ ಈ ಬಣ್ಣದ್ದಲ್ಲ ಕಣೋ.”

“ಅಮ್ಮ, ಅದು ಕಪ್ಪು-ಬಿಳುಪು ಪಿಕ್ಚರ್. ನಿಂಗೆ ಹೇಗೆ ಗೊತ್ತು?”

“ಗೊತ್ತು. ನವಿಲು ನೀಲಿ. ಅಂಚಿಗೆ ಸಣ್ಣ ಜರಿ.”

ವಾದ ಮಾಡಿ ಪ್ರಯೋಜನವಿರಲಿಲ್ಲ. ನಾನು ರಿಮೋಟ್ ತೆಗೆದುಕೊಂಡು ಸೆಟ್ಟಿಂಗಿಗೆ ಹೋಗಿ ಬಣ್ಣದ ಅಂಕಿಯನ್ನು ಇಳಿಸುತ್ತಾ ಸೊನ್ನೆಗೆ ತಂದೆ. ಹಿಂದಿನ ಕಪ್ಪು-ಬಿಳುಪು ಅದಾಗಿರಲಿಲ್ಲ. ಬೂದಿ ಚೆಲ್ಲಿದಂತೆ ಸಪ್ಪೆ, ನೆರಳುಗಳಲ್ಲಿ ಆಳವಿಲ್ಲ. ‘ಕ’ ಪ್ರತಿಯೂ ಅಲ್ಲದ ‘ಖ’ ಪ್ರತಿಯೂ ಅಲ್ಲದ ಒಂದು ಹೊಸ ಪಾಠವನ್ನು ನಾನೇ ಮನೆಯಲ್ಲಿ ಕೂತು ಹುಟ್ಟಿಸಿದ್ದೆ, ಅದೂ ಭ್ರಷ್ಟಪಾಠ. ಹೇಳೋಣವೆಂದು ಅಮ್ಮನ ಕಡೆ ತಿರುಗಿದೆ.

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

“ಹೂಂ, ಈಗ ಸರಿಯಾಯ್ತು. ನವಿಲು ನೀಲಿ.”