ಜಾಯಿಕಾಯಿ, ನಿಂಬೆಹಣ್ಣು ಮತ್ತೊಂದು ಬಿಳಿ ಟ್ಯೂಬು

ನನಗೆ ಮೊಡವೆ ಬಂದಿದ್ದು ಉಳಿದವರಿಗೆಲ್ಲ ಹೋಗುವ ವಯಸ್ಸಿನಲ್ಲಿ. ಹೈಸ್ಕೂಲಿನಲ್ಲಿ ಪಕ್ಕದ ಬೆಂಚಿನವರು ಕನ್ನಡಿ ನೋಡ್ಕೊಂಡು ಕೊರಗುತ್ತಿದ್ದಾಗ ನನ್ನ ಕೆನ್ನೆ ನುಣ್ಣಗಿತ್ತು. ಇಂಜಿನಿಯರಿಂಗ್ ಮುಗಿಸಿ, ಹಾಸನ ಬಿಟ್ಟು, ಬಿಟಿಎಂ ಲೇಔಟಿನ ಒಂದು ಪಿಜಿಯಲ್ಲಿ ಮೂರನೇ ಮಹಡಿಯ ಕೋಣೆ ಹಿಡಿದು ಆರು ತಿಂಗಳಾಗಿತ್ತು ಅಷ್ಟೆ. 24 ವರ್ಷ. ಎರಡೂ ಕೆನ್ನೆ, ದವಡೆ, ಹಣೆ, ಎಲ್ಲಾ ಕಡೆ ಕೆಂಪು ಗುಳ್ಳೆ.

ಮುಖದಲ್ಲಿ ಮೊಡವೆ ಇದ್ದರೆ ಒಂದು ಅನುಕೂಲ ಇದೆ. ಯಾರ ಹತ್ತಿರವೂ ಮಾತು ಶುರು ಮಾಡೋಕೆ ವಿಷಯ ಹುಡುಕಬೇಕಾಗಿಲ್ಲ. ಪಿಜಿ ಅಡುಗೆಯವರು ‘ನೀರು ಕುಡೀರಿ ಸಾರ್’ ಅಂದರು. ಆಫೀಸಿನ ಸೆಕ್ಯುರಿಟಿಯವರು ಹೊಟ್ಟೆ ಕ್ಲೀನ್ ಇಲ್ಲ ಅಂದರು. ಕ್ಯಾಬ್ ಡ್ರೈವರ್ ಒಬ್ಬರು ಕನ್ನಡಿಯಲ್ಲೇ ನನ್ನನ್ನು ಪರೀಕ್ಷೆ ಮಾಡಿ, ‘ಮದುವೆ ಆದ್ರೆ ಹೋಗುತ್ತೆ ಬಿಡಿ’ ಅಂತ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ತೀರ್ಪು ಕೊಟ್ಟರು. ಕೊಪ್ಪಳದ ಕಡೆಯವನಾದ ನನ್ನ ರೂಮ್‌ಮೇಟ್ ಮಾತ್ರ ಸಲಹೆ ಕೊಡಲಿಲ್ಲ. ದಿನಾ ಬೆಳಗ್ಗೆ ಎದ್ದು, ‘ಏನಲೇ, ಮಾರಿ ಹಿಂಗ್ಯಾಕ ಆಗೇದ’ ಅಂತ ಕೇಳಿ ಸ್ನಾನಕ್ಕೆ ಹೋಗುತ್ತಿದ್ದ. ಅವರ ಕಡೆ ಮಾರಿ ಅಂದರೆ ಮುಖ. ನಮ್ಮ ಕಡೆ ಮಾರಿ ಅಂದರೆ ಕುರಿ ಕೇಳೋ ದೇವತೆ. ಆ ದಿನಗಳಲ್ಲಿ ನನಗೆ ಎರಡೂ ಅರ್ಥ ಒಪ್ಪುತ್ತಿತ್ತು.

ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ಗೊತ್ತಾಯಿತು. ‘ಉಷ್ಣ ಕಣೋ ಅದು. ರಾತ್ರಿ ಎಲ್ಲಾ ಕಂಪ್ಯೂಟರ್ ನೋಡಿದ್ರೆ ಇನ್ನೇನಾಗುತ್ತೆ?’ ಅಂದವರು ಮೂರನೇ ದಿನಕ್ಕೆ ಬಸ್ಸಿನಲ್ಲಿ ಪಾರ್ಸೆಲ್ ಹಾಕಿಸಿದರು. ಮೆಜೆಸ್ಟಿಕ್‌ಗೆ ಹೋಗಿ ಬಿಡಿಸಿಕೊಂಡು ಬಂದೆ. ಚಕ್ಕುಲಿ, ಚಟ್ನಿಪುಡಿ, ನೆರಳಲ್ಲಿ ಒಣಗಿಸಿ ಕುಟ್ಟಿದ ಬೇವಿನ ಸೊಪ್ಪು, ಕಸ್ತೂರಿ ಅರಿಶಿನ, ನಾಲ್ಕು ಜಾಯಿಕಾಯಿ, ಮತ್ತು ಎಲ್ಲದರ ಕೆಳಗೆ ಹಳೇ ಪಂಚೆಯಲ್ಲಿ ಸುತ್ತಿದ ತೇಯುವ ಕಲ್ಲು. ಅಜ್ಜಿಯ ಕಾಲದ್ದು. ನನಗೆ ಮಗುವಾಗಿದ್ದಾಗ ಬಜೆ ತೇಯ್ದು ನಾಲಗೆಗೆ ಹಚ್ಚಿದ್ದು ಇದೇ ಕಲ್ಲಲ್ಲಿ ಅಂತೆ.

ಹಾಗಾಗಿ ಸುಮಾರು ಎರಡು ತಿಂಗಳು ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ರಾತ್ರಿ ಹತ್ತಕ್ಕೆ ಪಿಜಿ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ನಂದಿನಿ ಹಾಲಿನ ನಾಲ್ಕು ಹನಿ ಹಾಕಿಕೊಂಡು ಜಾಯಿಕಾಯಿ ತೇಯುತ್ತಿದ್ದ. ಕೋಣೆಯೆಲ್ಲ ಪಾಯಸದ ವಾಸನೆ. ಮೊಡವೆಗೆ ಏನಾಯಿತು ಅಂತ ಕೇಳಿದರೆ, ಏನೂ ಆಗಲಿಲ್ಲ. ಕೆಟ್ಟದ್ದೂ ಆಗಲಿಲ್ಲ, ಅದನ್ನೂ ಹೇಳಬೇಕು. ಬೇವಿನ ಪುಡಿ ಹಚ್ಚಿದಾಗ ಸ್ವಲ್ಪ ಹೊತ್ತು ತಂಪೆನಿಸುತ್ತಿತ್ತು. ಕಸ್ತೂರಿ ಅರಿಶಿನ ಸರಿಯಾಗಿ ತೊಳೆಯದೆ ಮಾರನೇ ದಿನ ಮೀಟಿಂಗಿಗೆ ಹೋಗಿ, ಜಾಂಡೀಸ್ ಇರೋರು ಯಾಕೆ ರಜೆ ಹಾಕಿಲ್ಲ ಅಂತ ಮ್ಯಾನೇಜರ್ ಕಾಳಜಿಯಿಂದ ಕೇಳಿದ್ದೂ ಆಯಿತು.

ಅಮ್ಮನ ಮದ್ದಿಗಿಂತ ಇಂಟರ್ನೆಟ್ಟಿನಲ್ಲಿ ಸಿಕ್ಕ ‘ನ್ಯಾಚುರಲ್’ ಮದ್ದುಗಳೇ ಹೆಚ್ಚು ಕಾಡಿದವು. ಗುಳ್ಳೆ ಮೇಲೆ ಟೂತ್‌ಪೇಸ್ಟ್ ಇಟ್ಟು ಮಲಗಿದೆ, ಬೆಳಗ್ಗೆ ಗುಳ್ಳೆಯ ಸುತ್ತ ಚರ್ಮ ಸುಲಿದಿತ್ತು. ನಿಂಬೆರಸ ಹಚ್ಚಿ, ಅರ್ಧಂಬರ್ಧ ತೊಳೆದು, ಬೈಕಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋದೆ. ಎಡಗೆನ್ನೆಯ ಮೇಲೆ ರಸ ಇಳಿದ ದಾರಿಯಲ್ಲೇ ಕಂದು ಗೆರೆಯೊಂದು ಬಿದ್ದು ತಿಂಗಳುಗಟ್ಟಲೆ ಉಳಿಯಿತು. ನಿಂಬೆ ಜಾತಿಯ ರಸ ಮೆತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಡುತ್ತದೆ, ಅದಕ್ಕೆ ಡಾಕ್ಟರುಗಳ ಪುಸ್ತಕದಲ್ಲಿ ಉದ್ದನೆಯ ಹೆಸರೇ ಇದೆ ಅಂತ ಆಮೇಲೆ ಗೊತ್ತಾಯಿತು. ನಮ್ಮ ಚರ್ಮ ಇರಬಯಸುವ ಪಿಎಚ್ ಸುಮಾರು 5. ನಿಂಬೆರಸದ್ದು 2ರ ಆಸುಪಾಸು. ಅಡುಗೆ ಸೋಡಾದ್ದು 8ರ ಮೇಲೆ. ನಾನು ವಾರಕ್ಕೊಂದು ಸಲ ಆ ತುದಿಯಿಂದ ಈ ತುದಿಗೆ ನನ್ನ ಮುಖವನ್ನು ಓಡಾಡಿಸುತ್ತಿದ್ದೆ. ಕಡ್ಲೆಹಿಟ್ಟಲ್ಲಿ ಗಸಗಸ ಉಜ್ಜುವುದಂತೂ ಬೇರೆ. ಮೊಡವೆ ಅಂದರೆ ಕೊಳೆ, ಉಜ್ಜಿದರೆ ಹೋಗುತ್ತೆ ಅನ್ನೋ ನಂಬಿಕೆ ಎಲ್ಲಿಂದ ಬಂತೋ. ಚರ್ಮದೊಳಗಿನ ಎಣ್ಣೆಯ ಗ್ರಂಥಿ ಹೆಚ್ಚು ಎಣ್ಣೆ ಬಿಡುತ್ತೆ, ಸತ್ತ ಜೀವಕೋಶಗಳು ಸೇರಿ ರಂಧ್ರದ ಬಾಯಿ ಕಟ್ಟುತ್ತೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಊದಿಕೊಳ್ಳುತ್ತೆ. ಮೇಲಿಂದ ಉಜ್ಜಿದರೆ ಊತ ಇನ್ನೂ ಜಾಸ್ತಿ ಆಗುತ್ತೆ ಅಷ್ಟೆ. ಬ್ಲ್ಯಾಕ್‌ಹೆಡ್ಡಿನ ಕಪ್ಪು ಕೂಡ ಕೊಳೆಯಲ್ಲ.

ಇದೆಲ್ಲ ಈಗ ಹೇಳ್ತಿದ್ದೀನಿ. ಆಗ ನನಗೆ ಬೇಕಾಗಿದ್ದು ಒಂದೇ, ಯುಗಾದಿಗೆ ಊರಿಗೆ ಹೋಗೋದ್ರೊಳಗೆ ಮುಖ ಸರಿಯಾಗಬೇಕು. ಚಿಕ್ಕಪ್ಪನ ಮನೆಯ ಗೃಹಪ್ರವೇಶ ಇತ್ತು. ಊರಿನವರೆಲ್ಲ ಬರೋರು.

ಪಿಜಿ ಕೆಳಗಿನ ಮೆಡಿಕಲ್ ಸ್ಟೋರಿನವನು ಏನೂ ಕೇಳದೆ ಡ್ರಾಯರಿನಿಂದ ಒಂದು ಬಿಳಿ ಟ್ಯೂಬ್ ತೆಗೆದುಕೊಟ್ಟ. ‘ಎಲ್ರೂ ಇದೇ ತಗೊಳೋದು ಬಾಸ್.’ ನೂರು ರೂಪಾಯಿ ಕೊಟ್ಟರೆ ಚಿಲ್ಲರೆಯೂ ವಾಪಸ್ ಬಂತು. ನಾಲ್ಕು ರಾತ್ರಿ ಹಚ್ಚಿದೆ. ಐದನೇ ದಿನ ರೂಮ್‌ಮೇಟ್ ಬೆಳಗಿನ ಪ್ರಶ್ನೆ ಕೇಳದೆ ಸ್ನಾನಕ್ಕೆ ಹೋದ.

ಗೃಹಪ್ರವೇಶದಲ್ಲಿ ಅಮ್ಮ ನನ್ನ ಗಲ್ಲ ಹಿಡಿದು ಬಂದವರಿಗೆಲ್ಲ ತೋರಿಸಿದರು. ‘ಜಾಯಿಕಾಯಿ ಕಣ್ರೀ. ಹಾಲಲ್ಲಿ ತೇಯ್ದು ಹಚ್ಚಿಸಿದೆ. ಎಲ್ಲಾ ಹೋಯ್ತು.’ ನಾನು ಬಾಯಿ ಬಿಡಲಿಲ್ಲ. ಅಮ್ಮನ ಸಂತೋಷ ಯಾಕೆ ಹಾಳುಮಾಡೋದು, ಒಂದು ಜಾಯಿಕಾಯಿಗೆ ಮರ್ಯಾದೆ ಸಿಕ್ಕರೆ ನನಗೇನು ನಷ್ಟ ಅಂತ. ಸಂಜೆ ಮಹಡಿ ಮೇಲೆ ಚಿಕ್ಕಪ್ಪನ ಮಗಳು ಹಿಡಿದುಕೊಂಡಳು. ಆಗ ಫಸ್ಟ್ ಪಿಯು ಮುಗಿಸಿದ್ದಳು, ಹಣೆ ತುಂಬ ಸಣ್ಣ ಸಣ್ಣ ಗುಳ್ಳೆ. ‘ಅಣ್ಣ, ಸುಳ್ಳು ಹೇಳ್ಬೇಡ. ಜಾಯಿಕಾಯಿ ನಾನೂ ಹಚ್ಚಿದೀನಿ.’ ನಕ್ಕು, ಬ್ಯಾಗಿನಿಂದ ಅರ್ಧ ಮುಗಿದ ಟ್ಯೂಬ್ ತೆಗೆದು ಅವಳ ಕೈಗೆ ಕೊಟ್ಟೆ. ಇಡೀ ಮನೆಯಲ್ಲಿ ನಾನು ನಿಜ ಹೇಳಿದ್ದು ಅವಳೊಬ್ಬಳಿಗೇ.

ಬೆಂಗಳೂರಿಗೆ ವಾಪಸ್ ಬಂದು ವಾರವಾಗೋ ಅಷ್ಟರಲ್ಲಿ ನನ್ನ ಮುಖ ಮೊದಲಿಗಿಂತ ಕೆಟ್ಟದಾಗಿ ಉರಿಯೋಕೆ ಶುರುವಾಯಿತು. ಹೊಸ ಟ್ಯೂಬ್ ತಗೋಬೇಕು ಅಂತಿದ್ದವನನ್ನು ಆಫೀಸಿನ ಗೆಳತಿ ಒಬ್ಬಳು ಬೈದು ಚರ್ಮದ ಡಾಕ್ಟರ ಹತ್ತಿರ ಕಳಿಸಿದಳು. ಅವರು ಫೋನಿನಲ್ಲಿದ್ದ ಟ್ಯೂಬಿನ ಫೋಟೋ ದೊಡ್ಡದು ಮಾಡಿ, ಸಣ್ಣಕ್ಷರದಲ್ಲಿದ್ದ ಮೂರು ಹೆಸರು ತೋರಿಸಿದರು. ಒಂದು ಸ್ಟಿರಾಯ್ಡ್, ಒಂದು ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್, ಒಂದು ಟ್ರೆಟಿನಾಯಿನ್. ‘ಇದು ಮೊಡವೆಗೆ ಇರೋ ಔಷಧಾನೇ ಅಲ್ಲ. ಸ್ಟಿರಾಯ್ಡ್ ಊತ ಇಳಿಸುತ್ತೆ, ಅದಕ್ಕೆ ನಾಲ್ಕು ದಿನದಲ್ಲಿ ಚೆನ್ನಾಗಿ ಕಾಣುತ್ತೆ. ಬಿಟ್ರೆ ತಿರುಗಿ ಬೀಳುತ್ತೆ. ಚರ್ಮಕ್ಕೂ ಚಟ ಹತ್ತುತ್ತೆ ಕಣಪ್ಪ.’ 2018ರಲ್ಲೇ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದ್ದಾರೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಅಷ್ಟೆಲ್ಲ ಇದ್ದೂ ಅದು ನನಗೆ ಚಿಲ್ಲರೆ ಸಮೇತ ಸಿಕ್ಕಿತ್ತು.

ನಾನು ಕೆಲವೇ ದಿನ ಹಚ್ಚಿದ್ದರಿಂದ ಬಚಾವಾದೆ. ಮೂರು ವಾರ ಮುಖ ಟೊಮೆಟೊ. ಆಮೇಲೆ ನಿಧಾನಕ್ಕೆ ಸರಿಯಾದ ಔಷಧಿ ಶುರು ಮಾಡಿದರು. ರಾತ್ರಿ ಬಟಾಣಿ ಕಾಳಿನಷ್ಟು ಅಡಾಪಲೀನ್, ಬೆಳಗ್ಗೆ ಬೆಂಜಾಯಿಲ್ ಪೆರಾಕ್ಸೈಡ್ ಇರೋ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಮೂರು ತಿಂಗಳಾಗೋ ತನಕ ಕನ್ನಡಿ ಹತ್ತಿರ ಏನೂ ಕೇಳಬೇಡ ಅಂದರು. ತಲೆಗೆ ಹಾಕಿದ ಕೊಬ್ಬರಿ ಎಣ್ಣೆ ಹಣೆಗೆ ಇಳಿಯೋದು ಬೇಡ, ದಿಂಬಿನ ಕವರ್ ಒಗಿ, ಗುಳ್ಳೆ ಚಿವುಟಬೇಡ. ಕಾಸಿಲ್ಲದ ಈ ಮೂರು ಮಾತಿಗೆ ಜಾಯಿಕಾಯಿಗಿಂತ ಹೆಚ್ಚು ಗುಣ ಇತ್ತು ಅಂತ ನನ್ನ ಅಂದಾಜು. ಬೆಂಜಾಯಿಲ್ ಪೆರಾಕ್ಸೈಡ್ ತಾಗಿ ನನ್ನ ನೀಲಿ ಟವೆಲ್ಲಿನ ತುಂಬ ಬಿಳಿ ಮಚ್ಚೆ ಬಿದ್ದಿದೆ, ಈಗಲೂ ಅದನ್ನೇ ಬಳಸ್ತೀನಿ.

ಈ ಮಧ್ಯೆ ನಾನು ಒಂದು ಫೋನ್ ಮಾಡಬೇಕಾಗಿತ್ತು. ಮಾಡಲಿಲ್ಲ. ಮರೆತೆ ಅಂದರೆ ಪೂರ್ತಿ ನಿಜವಲ್ಲ. ಒಂದೆರಡು ಸಲ ನೆನಪಾಯಿತು. ಅರ್ಧ ಟ್ಯೂಬ್ ತಾನೆ, ಮುಗಿದಿರುತ್ತೆ ಅಂದುಕೊಂಡು ಸುಮ್ಮನಾದೆ.

ದೀಪಾವಳಿಗೆ ಹೋದಾಗ ಅವಳು ಹೊರಗೆ ಬರಲಿಲ್ಲ. ನಾನೇ ಒಳಗೆ ಹೋದೆ. ವೇಲ್ ಮುಖಕ್ಕೆ ಸುತ್ತಿಕೊಂಡು ಓದ್ತಾ ಕೂತಿದ್ದಳು. ತೆಗೆದಾಗ ಎರಡೂ ಕೆನ್ನೆ ಕೆಂಪಗೆ, ತೆಳ್ಳಗೆ, ಸಣ್ಣ ಸಣ್ಣ ರಕ್ತನಾಳ ಎದ್ದು ಕಾಣ್ತಿತ್ತು. ದವಡೆ ಮೇಲೆ ಕೂದಲು ದಟ್ಟವಾಗಿತ್ತು. ‘ಮುಗಿದ ಮೇಲೆ ನಾನೇ ಇಲ್ಲಿ ಅಂಗಡೀಲಿ ತಗೊಂಡೆ ಅಣ್ಣ. ಬಿಟ್ರೆ ಉರಿಯುತ್ತೆ, ಅದಕ್ಕೆ ಮತ್ತೆ ಹಚ್ತೀನಿ. ಬಿಸಿಲಿಗೆ ಹೋಗೋಕಾಗಲ್ಲ.’ ಏಳು ತಿಂಗಳು. ಬೋರ್ಡ್ ಪರೀಕ್ಷೆಯ ಫೋಟೋ ತೆಗೆಯೋ ದಿನ ಕಾಲೇಜಿಗೆ ಹೋಗದೆ ಕೂತಿದ್ದಳಂತೆ, ಚಿಕ್ಕಮ್ಮ ಹೊಡೆದು ಕಳಿಸಿದ್ದರಂತೆ. ನನ್ನ ಹೆಸರನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ.

ಮಾರನೇ ದಿನ ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಟಾಪಿಕಲ್ ಸ್ಟಿರಾಯ್ಡ್ ಡ್ಯಾಮೇಜ್ಡ್ ಫೇಸ್ ಅಂತ ಚೀಟಿಯಲ್ಲಿ ಬರೆದರು. ಇದಕ್ಕೊಂದು ಹೆಸರು ಇರುವಷ್ಟು ಜನ ಬರ್ತಾರಲ್ಲ ಅಂತ ಅವಳು ಸ್ವಲ್ಪ ಸಮಾಧಾನ ಪಟ್ಟಳು, ನನಗೆ ಅದೇ ಹೆದರಿಕೆಯಾಯಿತು. ಬಿಡಿಸುವಾಗ ಮೊದಲ ವಾರಗಳು ಕೆಟ್ಟವು ಅಂತ ಮುಂಚೆಯೇ ಹೇಳಿದ್ದರು. ರಾತ್ರಿ ಉರಿ ತಾಳದೆ ಫೋನ್ ಮಾಡೋಳು. ತಣ್ಣೀರ ಬಟ್ಟೆ ಇಟ್ಕೋ, ಟ್ಯೂಬ್ ಮುಟ್ಟಬೇಡ ಅಂತ ಇಲ್ಲಿಂದ ಹೇಳೋದು ಬಿಟ್ಟರೆ ಮಾಡೋಕೆ ಏನೂ ಇರಲಿಲ್ಲ. ಈಗ ಎಂಟು ತಿಂಗಳಾಗಿದೆ. ಕೆಂಪು ಇಳಿದಿದೆ, ಪೂರ್ತಿ ಅಲ್ಲ. ಕಾಲೇಜಿಗೆ ಕೊಡೆ ಹಿಡಿದು ಹೋಗ್ತಾಳೆ.

ಹೋದ ವಾರ ಅಮ್ಮ ಫೋನ್ ಮಾಡಿದ್ದರು. ಎದುರು ಮನೆ ಹುಡುಗನಿಗೂ ಮೊಡವೆಯಂತೆ. ‘ಜಾಯಿಕಾಯಿ ತೇಯ್ದು ಹಚ್ಚು ಅಂದಿದೀನಿ. ನಿಂಗೆ ಹೋಗ್ಲಿಲ್ವಾ?’

‘ಅಮ್ಮ, ಅದು ಜಾಯಿಕಾಯಿಂದ ಹೋಗಿದ್ದಲ್ಲ’ ಅಂದೆ.

ಆ ಕಡೆ ಕುಕ್ಕರ್ ಎರಡು ಸಲ ಕೂಗಿತು. ‘ಮತ್ತೆ?’

ಹೇಳಿದೆ. ಟ್ಯೂಬು, ಗೃಹಪ್ರವೇಶ, ಮಹಡಿ, ಅವಳು. ಅಮ್ಮ ಮಧ್ಯೆ ಮಾತಾಡಲಿಲ್ಲ. ಎಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು:

‘ಆ ಕಲ್ಲು ಎಲ್ಲಿದೆ?’

‘ಇಲ್ಲೇ ಇದೆ.’

‘ಮುಂದಿನ ಸಲ ಬರುವಾಗ ತಗೊಂಡು ಬಾ. ನಮ್ಮಮ್ಮಂದು ಅದು.’