ಕಾರ್ಡು ನಿನ್ನ ಹತ್ತಿರವೇ ಇರಲಿ

ಪ್ರೀತಿಯ ಪುಟ್ಟಿ,

ನೀನು ಊಟ ಮಾಡದೆ ಬಸ್ಸು ಹತ್ತಿ ಹೋದ ಮೇಲೆ ಮನೆಯಲ್ಲಿ ಯಾರಿಗೂ ಮಾತು ಬೇಡವಾಗಿದೆ. ನಿಮ್ಮಪ್ಪ ಹೊಲದಲ್ಲೇ ಹೊತ್ತು ಕಳೆದು ಬರುತ್ತಾರೆ. ನಿನ್ನ ಫೋನು ಬಂತಾ ಅಂತ ಮಾತ್ರ ದಿನಾ ಕೇಳುತ್ತಾರೆ. ಗಂಡಿನ ಕಡೆಯವರೆದುರು ನೀನು "ಸಂಬಳ ನನ್ನ ಖಾತೆಗೇ ಬರುತ್ತೆ, ಕಾರ್ಡೂ ನನ್ನ ಹತ್ತಿರವೇ ಇರುತ್ತೆ" ಅಂದದ್ದು ನಿಮ್ಮಪ್ಪನಿಗೆ ತಲೆ ತಗ್ಗಿಸಿದ ಹಾಗಾಗಿದೆ. ಹುಡುಗಿಯನ್ನು ಓದಿಸಿದ್ದೇ ಅತಿಯಾಯಿತು ಅಂತ ನಿಮ್ಮ ದೊಡ್ಡಪ್ಪ ಊರೆಲ್ಲ ಹೇಳಿಕೊಂಡು ಬಂದರು. ನೀನು ಹೇಳಿದ್ದು ಸರಿ, ಮಗಳೇ. ಯಾಕೆ ಸರಿ ಅಂತ ನಾನು ಫೋನಿನಲ್ಲಿ ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಬೊಮ್ಮನಹಳ್ಳಿಯ ವಠಾರ ನಿನಗೆ ನೆನಪಿದೆಯಲ್ಲ. ನಾನು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದೆ. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ಟು. ಮಧ್ಯೆ ಏಳಬೇಕಾಗುತ್ತದೆ ಅಂತ ನೀರೇ ಕುಡಿಯುತ್ತಿರಲಿಲ್ಲ. ಸಂಬಳ ನನ್ನ ಹೆಸರಿನ ಖಾತೆಗೇ ಬೀಳುತ್ತಿತ್ತು, ಆದರೆ ಕಾರ್ಡು ನಿಮ್ಮಪ್ಪನ ಅಂಗಿ ಜೇಬಿನಲ್ಲಿ, ದುಡ್ಡು ಬಂದ ಮೆಸೇಜೂ ಅವರ ಫೋನಿಗೆ. ನಿಮ್ಮಪ್ಪ ಕುಡಿದು ಕಳೆದವರಲ್ಲ. ಊರಿನಲ್ಲಿ ಬೋರು ಕೊರೆಸಿದ್ದು ಆ ದುಡ್ಡಿನಲ್ಲೇ. ಆದರೂ ನಿನ್ನ ಅಜ್ಜಿ ಆಸ್ಪತ್ರೆಯಲ್ಲಿ ಮಲಗಿದಾಗ ತವರಿಗೆ ಐನೂರು ರೂಪಾಯಿ ಕಳಿಸುವುದಕ್ಕೆ, ಅವರ ಮುಖ ಯಾವಾಗ ಸಡಿಲವಾಗುತ್ತದೆ ಅಂತ ಕಾದು ಕೇಳಬೇಕಿತ್ತು. ದುಡಿದವಳು ನಾನು, ಬೇಡುವವಳೂ ನಾನೇ.

ಅವರ ಜೇಬಿಗೆ ಬೀಳದೆ ಉಳಿದದ್ದು ಪಿಎಫ್ ಒಂದೇ. ಸಂಬಳದಲ್ಲಿ ನೂರಕ್ಕೆ 12ರಂತೆ ಹಿಡಿಯುತ್ತಿದ್ದರು, ಕಂಪನಿಯೂ ತನ್ನ ಪಾಲು ಕಟ್ಟಬೇಕಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಆ ಕಂಪನಿಯ ಪಾಲನ್ನು 58 ವರ್ಷವಾಗುವ ತನಕ ತೆಗೆಯುವ ಹಾಗಿಲ್ಲ ಅಂತ ನಿಯಮ ತಂದಿತು. ಗಾರ್ಮೆಂಟ್ಸ್‌ನಲ್ಲಿ 58ರ ತನಕ ಯಾರ ಕಣ್ಣು, ಯಾರ ಸೊಂಟ ತಡೆದೀತು? ಏಪ್ರಿಲ್ 18ಕ್ಕೆ ಮಿಷನ್ ನಿಲ್ಲಿಸಿ ಎದ್ದೆವು. ಯಾವ ದೊಡ್ಡ ಲೀಡರೂ ಕರೆದದ್ದಲ್ಲ. ಹೊಸೂರು ರಸ್ತೆಯ ತುಂಬ ಹೆಂಗಸರು, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಊಟದ ಬ್ಯಾಗು. ಗಂಡನೆದುರು ದನಿ ಎತ್ತದವರು ಅವತ್ತು ಪೊಲೀಸರೆದುರು ಕೂಗಿದರು. ಮಾರನೇ ದಿನ ಲಾಠಿ ಏಟು, ಅಶ್ರುವಾಯು, ಕಲ್ಲು, ಬೆಂಕಿ ಎಲ್ಲ ಆಯಿತು. ಅವತ್ತೇ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು.

ನಿನಗೆ ಗೊತ್ತಿಲ್ಲದ್ದೊಂದಿದೆ. ನಿನಗೆ ನರ್ಸಿಂಗ್ ಬೇಡ, ಮದುವೆ ಮಾಡೋಣ ಅಂತ ದೊಡ್ಡಪ್ಪ ಪಟ್ಟು ಹಿಡಿದಿದ್ದಾಗ ಮೊದಲ ವರ್ಷದ ಫೀಸು ಹುಟ್ಟಿದ್ದು ಅದೇ ಪಿಎಫ್‌ನಿಂದ. ಮಕ್ಕಳ ಓದಿಗೆ ಅಂತ ಅರ್ಜಿ ಹಾಕಿ ತೆಗೆದೆ. ಯಾರನ್ನೂ ಕೇಳಲಿಲ್ಲ.

ಈಗ ಗೃಹಲಕ್ಷ್ಮಿಯ ಎರಡು ಸಾವಿರವೂ ನನ್ನ ಖಾತೆಗೆ ಬರುತ್ತದೆ. ಪಾಸ್‌ಬುಕ್ ಕೊಡು ಅಂತ ನಿಮ್ಮಪ್ಪ ಕೇಳಿದರು, ಕೊಡಲಿಲ್ಲ. ಒಂದಷ್ಟು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ರಾಗಿಗೆ ಗೊಬ್ಬರ ತರಲು ದುಡ್ಡು ಸಾಲದಾದಾಗ ನಾನೇ ಎಣಿಸಿ ಕೈಗಿಟ್ಟೆ. "ಕೊಯ್ಲಾದ ಮೇಲೆ ಕೊಡ್ತೀನಿ" ಅಂದರು! ಅಷ್ಟು ವರ್ಷ ನನ್ನ ಸಂಬಳ ತೆಗೆದಾಗ ಒಂದು ಸಲವೂ ಆ ಮಾತು ಬಂದಿರಲಿಲ್ಲ.

ನೀನು ಮನೆಗೆ ಕೊಡಬೇಡ ಅಂತ ನಾನು ಹೇಳುತ್ತಿಲ್ಲ. ಅತ್ತೆ ಮಾವನಿಗೂ ಕೊಡು, ನಮಗೂ ಕೊಡು, ನಿನ್ನ ಕೈಯಾರೆ ಕೊಡು. ಆದರೆ ಸಂಬಳದ ಚೀಟಿ ತೋರಿಸಿ ನಿನ್ನ ಹೆಸರಲ್ಲಿ ಸಾಲ ಎತ್ತುವ ಮಾತು ಬಂದರೆ, ಕೇಳಿದವರು ಯಾರೇ ಆಗಲಿ, ಸಹಿ ಹಾಕಬೇಡ. ನಮ್ಮ ಬೀದಿಯಲ್ಲೇ ನೋಡುತ್ತಿದ್ದೇನೆ: ಸಂಘದ ಸಾಲ ಹೆಂಡತಿ ಹೆಸರಲ್ಲಿ, ಬೈಕು ಗಂಡನಿಗೆ, ಕಂತಿನವರು ಬಂದು ಕೂತಾಗ ಉತ್ತರ ಹೇಳುವವಳು ಅವಳು.

ಹುಡುಗ ಅವತ್ತು ಬಾಯೇ ಬಿಡಲಿಲ್ಲ. ದೊಡ್ಡವರೆದುರು ಸಂಕೋಚವೋ, ಅವನ ಮನಸ್ಸೂ ಅದೇನೋ, ನನಗೆ ತಿಳಿಯಲಿಲ್ಲ. ನೀನೇ ಫೋನ್ ಮಾಡಿ ನೇರವಾಗಿ ಕೇಳು. ಉತ್ತರ ಸರಿಬರದಿದ್ದರೆ ಬೇಡ ಅಂತ ಹೇಳಿ ಕಳಿಸುವುದು ನನ್ನ ಕೆಲಸ, ನೀನು ಮುಂದೆ ಬರಬೇಕಿಲ್ಲ.

ನೈಟ್ ಡ್ಯೂಟಿ ಮುಗಿಸಿ ಹಾಗೇ ಮಲಗಿಬಿಡಬೇಡ, ಏನಾದರೂ ತಿನ್ನು. ಭಾನುವಾರ ಅಪ್ಪನ ಫೋನಿಗೇ ಮಾಡು. ಅವರು ಕಾಯುತ್ತಿದ್ದಾರೆ.

ನಿನ್ನ
ಅಮ್ಮ