ಕೆರೆಯಿಂದ ಬೆಟ್ಟಕ್ಕೆ: ಮೈಸೂರಿನ ಕಾಲುದಾರಿಯ ಟಿಪ್ಪಣಿಗಳು

ಬೆಟ್ಟದ ಪಾದ, ಬೆಳಗಿನ ಐದೂಮುಕ್ಕಾಲು.

ಚಾಮುಂಡಿಬೆಟ್ಟದ ಮೆಟ್ಟಿಲು ಎಣಿಸಿದ್ದು ಇದು ಮೂರನೆಯ ಸಲ. ಮೂರು ಸಲಕ್ಕೂ ಮೂರು ಲೆಕ್ಕ. ಊರಿನವರಲ್ಲಿ 1001 ಎನ್ನುವವರಿದ್ದಾರೆ, 1008 ಎನ್ನುವವರಿದ್ದಾರೆ. ಸಾವಿರ ಮೆಟ್ಟಿಲು ಎಂದು ಮುಗಿಸುವವರೇ ಹೆಚ್ಚು. ಎಲ್ಲಿ ತಪ್ಪುತ್ತೇನೆ ಎಂದು ಇವತ್ತು ನಿಂತು ನಿಂತು ನೋಡಿದೆ. ಕೆಲವು ಕಡೆ ಮೆಟ್ಟಿಲಿಗೂ ಮೆಟ್ಟಿಲಿಗೂ ನಡುವೆ ನಾಲ್ಕು ಹೆಜ್ಜೆಯಷ್ಟು ಅಗಲದ ಕಲ್ಲುಹಾಸು ಇದೆ. ಅದು ಮೆಟ್ಟಿಲೋ, ನೆಲವೋ? ವಾಹನದ ರಸ್ತೆ ಅಡ್ಡ ಹಾಯುವ ಜಾಗದಲ್ಲಿ ಒಂದೆರಡು ಕಲ್ಲು ಡಾಂಬರಿನ ಅಡಿಗೆ ಹೋಗಿರಬಹುದೇ? ದೊಡ್ಡದೇವರಾಜ ಒಡೆಯರ ಕಾಲದಲ್ಲಿ, ಅಂದರೆ 1659 ಮತ್ತು 1673ರ ನಡುವೆ ಹಾಕಿಸಿದ ಮೆಟ್ಟಿಲುಗಳಿವು. ಇಷ್ಟು ಕಾಲ ಇಷ್ಟು ಪಾದ ಹತ್ತಿಳಿದ ದಾರಿಗೆ ಒಮ್ಮತದ ಒಂದು ಸಂಖ್ಯೆ ಇಲ್ಲ ಎನ್ನುವುದೇ ಬೆರಗು.

ಹೆಂಗಸೊಬ್ಬರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಇಡುತ್ತ ಮೇಲೇರುತ್ತಿದ್ದರು. ಎರಡು ಸಣ್ಣ ಡಬ್ಬಿ, ಬಗ್ಗಿದ ಬೆನ್ನು. ನಂಜನಗೂಡಿನ ಕಡೆಯವರಂತೆ.

‘ಎಷ್ಟಾಯ್ತವ್ವಾ ಇಲ್ಲೀಗಂಟ?’ ಎಂದೆ.

‘ಲೆಕ್ಕ ಹಾಕ್ಬಾರ್ದು ಕಣಪ್ಪಾ. ಹರಕೆ ಹೊತ್ತಿರೋದು ಮೆಟ್ಲಿಗೆ, ಲೆಕ್ಕಕ್ಕಲ್ಲ’ ಎಂದು ಮುಂದಿನ ಕಲ್ಲಿಗೆ ಕೈ ಹಾಕಿದರು.

ನಂದಿಯ ಬಳಿ.

ಇನ್ನೊಂದು ಒಗಟು ಇಲ್ಲಿದೆ. ಬೆಟ್ಟ ದೇವಿಯದು, ದೇವಿಯ ವಾಹನ ಸಿಂಹ. ಹಾಗಿದ್ದರೆ ಅರ್ಧಕ್ಕಿಂತ ಮೇಲೆ, ದಣಿವಾರಿಸಿಕೊಳ್ಳುವ ಜಾಗದಲ್ಲಿ, 16 ಅಡಿ ಎತ್ತರ 25 ಅಡಿ ಉದ್ದದ ಬಸವ ಏಕೆ ಕೂತ? ಉತ್ತರ ಮೇಲೆ ಇದೆ. ಚಾಮುಂಡೇಶ್ವರಿ ಗುಡಿಯ ಪಕ್ಕದಲ್ಲೇ, ಹೆಚ್ಚಿನವರು ತಿರುಗಿಯೂ ನೋಡದ ಮಹಾಬಲೇಶ್ವರನ ಗುಡಿ. ಬೆಟ್ಟದ ಮೇಲಿನ ಹಳೆಯ ದೇವಸ್ಥಾನ ಅದೇ. ಬೆಟ್ಟಕ್ಕೂ ಮೊದಲು ಮಹಾಬಲಾದ್ರಿ ಎಂಬ ಹೆಸರಿತ್ತು. ಏಳಂತಸ್ತಿನ ಗೋಪುರ ಕಣ್ಣಿಗೆ ತುಂಬಿಕೊಂಡದ್ದು ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದ ಮೇಲೆ. ಗೋಪುರ ನೋಡಿ ಹಿಂದಿರುಗುವವನಿಗೆ ಬಸವ ಒಗಟಾಗಿಯೇ ಉಳಿಯುತ್ತಾನೆ. ಶಿವನ ಗುಡಿಗೂ ಹೋಗಿ ಇಳಿಯುವವನಿಗೆ ಬಿಡಿಸಿಕೊಳ್ಳುತ್ತಾನೆ.

ಒಂದೇ ಬಂಡೆಯಲ್ಲಿ ಕಡೆದ ಬಸವ. ಎಣ್ಣೆ ಬಳಿದೂ ಬಳಿದೂ ಬಂದ ಕಪ್ಪು ಅದು. ಒಳಗಿನ ಕಲ್ಲು ಬೆಟ್ಟದ್ದೇ.

ಆ ಕಲ್ಲಿನ ಬಗ್ಗೆಯೂ ಒಂದು ಸಾಲು ಬರೆದಿಡಬೇಕು. ಮೈಸೂರಿನ ಸುತ್ತಲ ನೆಲದಡಿಯ ಶಿಲೆಗೆ 250 ಕೋಟಿ ವರ್ಷ ದಾಟಿದೆ. ಭೂವಿಜ್ಞಾನಿಗಳು ಚಾಮುಂಡಿ ಗ್ರಾನೈಟ್ ಎಂದೇ ಕರೆಯುವ ಈ ಬೆಟ್ಟದ ಕಲ್ಲು ಅದರ ನಡುವೆ ಕರಗಿ ಉಕ್ಕಿ ಹೆಪ್ಪುಗಟ್ಟಿದ್ದು ಸುಮಾರು 80 ಕೋಟಿ ವರ್ಷಗಳ ಹಿಂದೆ. ಹಳೆಯದು ಸವೆದು ಬಯಲಾಯಿತು, ಗಟ್ಟಿಯಾದ ಹೊಸದು ಉಳಿದು ಒಂಟಿಯಾಗಿ ನಿಂತಿತು. ಚಿಕ್ಕಂದಿನಲ್ಲಿ ಬಯಲಿನ ನಡುವೆ ಇದೊಂದೇ ಬೆಟ್ಟ ಯಾಕೆ ಎಂದು ಕೇಳಿದ್ದಕ್ಕೆ ಅಜ್ಜಿ ಮಹಿಷನ ಕತೆ ಹೇಳಿದ್ದಳು. ಈಗ ಎರಡು ಕತೆಗಳಿವೆ. ಎರಡೂ ನನಗೆ ಬೇಕು.

ವ್ಯೂ ಪಾಯಿಂಟ್. ಬಿಸಿಲೇರಿದೆ.

ಬೆಟ್ಟದ ತುದಿ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1060 ಮೀಟರ್, ಊರು ಸುಮಾರು 770. ಮುನ್ನೂರು ಮೀಟರಿನೊಳಗಿನ ಈ ಅಂತರದಲ್ಲಿ ಇಡೀ ಮೈಸೂರು ಕಾಣುತ್ತದೆ. ಬುಡದಲ್ಲೇ ಬಿಳಿ ಲಲಿತಮಹಲು. ಪಕ್ಕದಲ್ಲಿ ಕುದುರೆ ಓಟದ ಬಯಲಿನ ಹಸಿರು ವರ್ತುಲ. ಕಾರಂಜಿಕೆರೆ, ಅದಕ್ಕೆ ಅಂಟಿದ ಮೃಗಾಲಯದ ಮರಗಳ ದಟ್ಟಣೆ, ಅರಮನೆಯ ಗುಮ್ಮಟಗಳು, ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ. ದೂರದ ಪಡುವಣಕ್ಕೆ ತಗಡಿನ ಚೂರಿನಂತೆ ಕುಕ್ಕರಹಳ್ಳಿ ಕೆರೆ. ಮಳೆ ತೊಳೆದ ದಿನವಾದರೆ ಕೃಷ್ಣರಾಜಸಾಗರದ ನೀರೂ ಹೊಳೆಯುತ್ತದೆ.

ಇಲ್ಲಿಂದ ನೋಡಿದರೆ ಹಸಿರಿನ ತುಂಡುಗಳು ಒಂದಕ್ಕೊಂದು ಎಷ್ಟು ಹತ್ತಿರ! ಬೆಟ್ಟದ ಕಾಡು ಲಲಿತಮಹಲಿನ ಬಯಲಿಗೆ ಇಳಿಯುತ್ತದೆ, ಬಯಲು ಕಾರಂಜಿಗೆ, ಕಾರಂಜಿ ಮೃಗಾಲಯಕ್ಕೆ. ಆಮೇಲೆ ಒಂದು ಬಿಡುವು. ನಂತರ ಅರಮನೆಯ ತೋಟ, ಅದರ ಮಗ್ಗುಲಿಗೆ ಕರ್ಜನ್ ಪಾರ್ಕು. ಮತ್ತೊಂದು ಬಿಡುವು. ಮಹಾರಾಜ ಕಾಲೇಜಿನ ಬಯಲು, ಕೃಷ್ಣರಾಜ ಬುಲೆವಾರ್ಡಿನ ಮರಗಳ ಸಾಲು, ಕ್ರಾಫರ್ಡ್ ಹಾಲಿನ ಅಂಗಳ, ಕುಕ್ಕರಹಳ್ಳಿ, ಅದರಾಚೆ ಮಾನಸಗಂಗೋತ್ರಿ. ಬೆರಳಿಟ್ಟು ಎಳೆದರೆ ಗೆರೆ ಅಲ್ಲಲ್ಲಿ ಮಾತ್ರ ಕಡಿಯುತ್ತದೆ. ಬೆಟ್ಟದ ಪಾದದಿಂದ ಕೆರೆಯ ಏರಿಗೆ ಎಂಟೊಂಬತ್ತು ಕಿಲೋಮೀಟರ್.

ನನಗೆ ತಿಳಿಯದ್ದು ಇಷ್ಟೇ: ಈ ಗೆರೆಯ ಮೇಲೆ ಯಾರೂ ಯಾಕೆ ನಡೆಯುವುದಿಲ್ಲ?

ಕುಕ್ಕರಹಳ್ಳಿ ಕೆರೆ. ಇನ್ನೊಂದು ದಿನ, ಮುಂಜಾನೆ.

ಹೆಸರಿನಲ್ಲೇ ತಕರಾರು. ಫಲಕದಲ್ಲಿ ಕುಕ್ಕರಹಳ್ಳಿ, ಹಳಬರ ಬಾಯಲ್ಲಿ ಕುಕ್ಕನಹಳ್ಳಿ. ಮುಮ್ಮಡಿಯವರೇ 1864ರಲ್ಲಿ ಕಟ್ಟಿಸಿದ ಕೆರೆ. ಊರಾಚೆಯ ಹೊಲಗದ್ದೆಗೆ ನೀರುಣಿಸಲು. ಇದಕ್ಕೆ ನೀರು ತರುತ್ತಿದ್ದುದು ಪೂರ್ಣಯ್ಯನ ನಾಲೆ. ಕಾವೇರಿಯನ್ನು ಊರಿಗೆ ತರಬೇಕೆಂದು ದಿವಾನ್ ಪೂರ್ಣಯ್ಯ ತೋಡಿಸಿದ ಕಾಲುವೆ ಅದು. ಕಾವೇರಿ ಬರಲಿಲ್ಲ, ತೋಡಿದ ಕಾಲುವೆಯಲ್ಲಿ ಮಳೆನೀರು ಬಂತು. ಸೋತ ಯೋಜನೆಯೊಂದು ಕೆರೆಯನ್ನು ಸಾಕಿತು. ಈಚಿನ ದಶಕಗಳಲ್ಲಿ ನಾಲೆಯ ಮೇಲೆ ಬಡಾವಣೆಗಳು ಕೂತಿವೆ. ಅದರ ಹಾದಿ ಹುಡುಕುತ್ತ ಹೋದವನಿಗೆ ಅಲ್ಲೊಂದು ಇಲ್ಲೊಂದು ತುಂಡು ಸಿಗುತ್ತದೆ.

ಏರಿಯ ಮೇಲೆ ನಡೆಯುವವರ ಜಾತ್ರೆ. ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ರೆಕ್ಕೆ ಬಿಡಿಸಿ ಕೂತಿವೆ, ನೀರಿನಂಚಿಗೆ ನೀರುಕಾಗೆ. ಕುವೆಂಪು ನಡೆದ ಏರಿ ಇದು. 1960ರಲ್ಲಿ ಕೆರೆಯಾಚೆಯ ಹೊಸ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಆರ್.ಕೆ. ನಾರಾಯಣ್ ಕೂಡ ಈ ನೀರಿನ ಮೇಲಿನ ಸಂಜೆಗಳನ್ನು ಕಂಡವರು. ಇಬ್ಬರೂ ಮನೆಯಿಂದ ನಡೆದೇ ಬರುತ್ತಿದ್ದರು. ಇದನ್ನು ಅಡಿಗೆರೆ ಎಳೆದು ಬರೆದುಕೊಂಡಿದ್ದೇನೆ. ಯಾಕೆಂದರೆ ಇವತ್ತು ಗೇಟಿನ ಮುಂದೆ ನಿಂತು ನಾನು ಕಾಲು ಗಂಟೆ ಎಣಿಸಿದ್ದು ಮನುಷ್ಯರನ್ನಲ್ಲ, ಕಾರುಗಳನ್ನು. ಕೆರೆ ಸುತ್ತುವುದಕ್ಕೆ ಬಂದ ಕಾರುಗಳು ಮೂವತ್ತೊಂದು.

ನಮ್ಮ ಬೀದಿಯವರೇ ಒಬ್ಬರು ಸಿಕ್ಕರು. ಅವರ ಮನೆಯಿಂದ ಕೆರೆಗೆ ಒಂದೂವರೆ ಕಿಲೋಮೀಟರ್ ಇದ್ದರೆ ಹೆಚ್ಚು.

‘ನೀವೂ ಕಾರಲ್ಲೇ ಬಂದ್ರಾ?’

‘ಮತ್ತೆ ಹೇಗ್ ಸಾರ್ ಬರೋದು? ನಡೆಯೋದಕ್ಕೆ ಅಂತ್ಲೇ ಇಲ್ಲಿಗ್ ಬರ್ತೀನಿ. ರಸ್ತೇಲಿ ನಡೆಯೋಕಾಗುತ್ತಾ? ಹೋದ ವರ್ಷ ನಮ್ಮನೆಯವ್ರು ಫುಟ್‌ಪಾತಿನ ಚಪ್ಪಡಿ ಕುಸಿದು ಕಾಲು ಮುರ್ಕೊಂಡ್ರಲ್ಲ.’

ಒಗಟಿನ ಅರ್ಧ ಉತ್ತರ ಅಲ್ಲಿಗೆ ಸಿಕ್ಕಿತು. ಇದು ಸೋಮಾರಿತನವಲ್ಲ, ಭಯ. ಬೇಲಿಯೊಳಗೆ ನಡಿಗೆ ಕ್ಷೇಮ, ಬೇಲಿಯಾಚೆ ಅಪಾಯ. ಅದಕ್ಕೇ ಊರಿನವರು ಒಂದೇ ಕೆರೆಯನ್ನು ಗಾಣದೆತ್ತಿನ ಹಾಗೆ ದಿನವೂ ಸುತ್ತುತ್ತಾರೆ.

ಅದೇ ದಿನ, ಬೆಟ್ಟದ ಕಡೆಗೆ.

ನಡೆದೇ ನೋಡೋಣ ಎಂದು ಹೊರಟೆ. ಕೈಯಲ್ಲಿ ನೀರಿನ ಬಾಟಲಿ, ಜೇಬಿನಲ್ಲಿ ಈ ನೋಟುಪುಸ್ತಕ.

ರೈಲ್ವೆ ಗೇಟು ದಾಟಿ ಕೃಷ್ಣರಾಜ ಬುಲೆವಾರ್ಡಿಗೆ ಬಂದೆ. ರಸ್ತೆಯ ನಡುವೆಯೇ, ಮರಗಳ ನೆರಳಿನಲ್ಲಿ, ಕಾಲ್ನಡಿಗೆಯವರಿಗೆಂದು ಬಿಟ್ಟ ಜಾಗ. ನಡೆಯುವವನನ್ನು ಮನಸ್ಸಿನಲ್ಲಿಟ್ಟು ಈ ಊರನ್ನು ಕಟ್ಟಿದ್ದರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಕಲ್ಲುಬೆಂಚುಗಳ ಸುತ್ತ ಕಳೆ ಬೆಳೆದಿದೆ. ಕೂತವರು ಇಬ್ಬರೇ, ಕಾಲೇಜಿನ ಹುಡುಗರು, ಪುಸ್ತಕ ಹಿಡಿದವರು.

ಮುಂದಿನದು ನೀರಿಲ್ಲದ ಕೆರೆಗಳ ದಾರಿ. ಸುಬ್ಬರಾಯನಕೆರೆಯಲ್ಲಿ ಕೆರೆ ಇಲ್ಲ. ಅದು ಸ್ವಾತಂತ್ರ್ಯ ಚಳವಳಿಯ ಸಭೆಗಳು ನೆರೆದ ಮೈದಾನ, ಈಗ ಸ್ವಾತಂತ್ರ್ಯ ಹೋರಾಟಗಾರರ ಉದ್ಯಾನ. ಅರಮನೆಯಾಚೆಯ ದೊಡ್ಡಕೆರೆ ಮೈದಾನದಲ್ಲಿ ದಸರಾ ವಸ್ತುಪ್ರದರ್ಶನ ನಡೆಯುತ್ತದೆ. ಹಪ್ಪಳ ತಿನ್ನುತ್ತ ತಿರುಗಾಡುವ ಎಷ್ಟು ಮಂದಿಗೆ ತಾವು ಕೆರೆಯ ಅಂಗಳದಲ್ಲಿ ನಿಂತಿದ್ದೇವೆಂದು ಗೊತ್ತು? ಹೆಸರುಗಳನ್ನು ಮಾತ್ರ ಯಾರೂ ಮುಚ್ಚಲಿಲ್ಲ. ಬಸ್ಸಿನ ಬೋರ್ಡಿನಲ್ಲಿ, ಆಟೋದವರ ಬಾಯಲ್ಲಿ ಅವು ಇನ್ನೂ ಕೆರೆಗಳೇ.

ಬೇಸರದ ಭಾಗ ನಜರ್‌ಬಾದಿನ ಸುತ್ತಮುತ್ತ. 2025ರ ಏಪ್ರಿಲ್‌ನಲ್ಲಿ ರಸ್ತೆ ಅಗಲಿಸಲೆಂದು ಹೈದರಾಲಿ ರಸ್ತೆಯ 40 ಮರಗಳನ್ನು ಉರುಳಿಸಿದರು. ಬುಡಗಳ ಮುಂದೆ ಜನ ಮೇಣದಬತ್ತಿ ಹಚ್ಚಿಟ್ಟು ನಿಂತರು. ಮೈಸೂರಿನ ಬಿಸಿಲಿನಲ್ಲಿ ಒಂದು ಸಾಲುಮರ ಹೋಯಿತೆಂದರೆ ಒಂದು ಕಾಲುದಾರಿ ಹೋಯಿತೆಂದೇ ಲೆಕ್ಕ. ನಡೆಯದವರಿಗೆ ಅದು ಮರ ಮಾತ್ರ.

ಮೃಗಾಲಯದ ಗೋಡೆಗುಂಟ ನಡೆದೆ. 1892ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರು ಶುರುಮಾಡಿದ ಮೃಗಾಲಯ. ಒಳಗೆ ಸಿಂಹ ಗುಡುಗಿದ್ದು ಫುಟ್‌ಪಾತಿಗೂ ಕೇಳಿಸಿತು. ಕಾರಂಜಿಕೆರೆಗೆ ಟಿಕೆಟ್ ಕೊಂಡು ಹೋದೆ. ಕೆರೆಯ ಅಂಚಿನ ಬಿದಿರಿನ ನೆರಳು, ಬಲೆಯ ಛಾವಣಿಯ ಕೆಳಗೆ ನವಿಲು ನಮ್ಮ ಕಾಲಿನ ನಡುವೆಯೇ ಓಡಾಡುವ ಪಕ್ಷಿಧಾಮ, ನೀರಿನಾಚೆ ನೇರ ಎದುರಿಗೆ ಬೆಟ್ಟ. ಈ ಊರಿನಲ್ಲಿ ಬೆಟ್ಟವನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಬೆಟ್ಟದ ಕಡೆಗೆ ಮುಖ ಮಾಡಿ ಕೂತಿದ್ದೇನೆ, ಬೆಟ್ಟದ ಕಡೆಗೆ ಬಾಗಿಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿ, ಬೇಲಿಯನ್ನು ಬಳಸಿಕೊಂಡು ರಸ್ತೆಗೆ ಬೀಳಬೇಕು.

ಒಗಟಿನ ಉಳಿದರ್ಧ ಇಲ್ಲಿ ಬಿಡಿಸಿಕೊಂಡಿತು. ಕುಕ್ಕರಹಳ್ಳಿ ವಿಶ್ವವಿದ್ಯಾನಿಲಯದ್ದು, ಕಾರಂಜಿ ಮೃಗಾಲಯದ್ದು, ಬೆಟ್ಟದ ಕಾಡು ಅರಣ್ಯ ಇಲಾಖೆಯದು, ಪಾರ್ಕುಗಳು ಪಾಲಿಕೆಯವು. ಒಂದೊಂದಕ್ಕೂ ಒಂದು ಬೇಲಿ, ಒಂದು ಬೀಗ, ಒಂದು ವೇಳೆ. ಎಲ್ಲರೂ ತಮ್ಮ ತುಂಡನ್ನು ಕಾಯುತ್ತಿದ್ದಾರೆ, ನಿಷ್ಠೆಯಿಂದಲೇ ಕಾಯುತ್ತಿದ್ದಾರೆ. ತುಂಡುಗಳ ನಡುವಿನ ಜಾಗ ಯಾರದೂ ಅಲ್ಲ.

ಲಿಂಗಾಂಬುಧಿ. ಮಳೆಯ ನಂತರ.

ಗೆರೆಯಿಂದ ಹೊರಗೆ, ಊರಿನ ನೈಋತ್ಯಕ್ಕೆ. ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಮುಮ್ಮಡಿಯವರು 1828ರಲ್ಲಿ ಕಟ್ಟಿಸಿದ ಕೆರೆ. ಏರಿಯ ಮೇಲೆ ಅಷ್ಟು ಗದ್ದಲವಿಲ್ಲ. ಹಾಗೆ ನೋಡಿದರೆ ಮುಮ್ಮಡಿಯವರ ಕೆಲಸಕ್ಕೇ ಒಂದು ನಡಿಗೆ ಮಾಡಬಹುದು: ಲಿಂಗಾಂಬುಧಿಯಿಂದ ಕುಕ್ಕರಹಳ್ಳಿ, ಅಲ್ಲಿಂದ ಬೆಟ್ಟದ ಗೋಪುರ.

ಮತ್ತೆ ಬೆಟ್ಟ, ಇಳಿಯುವಾಗ.

2021ರ ಅಕ್ಟೋಬರ್ ಮಳೆಗೆ ನಂದಿಯ ಕಡೆಯ ರಸ್ತೆ ಕುಸಿದು ಕೆಳಗಿಳಿಯಿತು. ಮೆಟ್ಟಿಲು ಹಾಗೆಯೇ ಇತ್ತು. ರೋಪ್‌ವೇ ಯೋಜನೆಯ ಮಾತು ವರ್ಷಗಟ್ಟಲೆ ಓಡಾಡಿ, ಊರಿನವರ ವಿರೋಧದ ಬಳಿಕ 2022ರಲ್ಲಿ ನಿಂತಿತು. ನಿಂತದ್ದು ಒಳ್ಳೆಯದಾಯಿತು. ಬೆಟ್ಟಕ್ಕೆ ಹೊಸ ದಾರಿ ಬೇಕಿಲ್ಲ. ಅದರ ಪಾದಕ್ಕೆ ಊರಿನಿಂದ ನಡೆದು ಬರುವ ದಾರಿ ಬೇಕು. ದೊಡ್ಡ ಹಣದ ಕೆಲಸವಲ್ಲ ಇದು. ಗಟ್ಟಿ ಚಪ್ಪಡಿ ಹಾಕಿಸಬೇಕು, ಕಡಿದ ಕಡೆ ಹೊಂಗೆ ನೆಡಬೇಕು, ಕಾರಂಜಿಗೆ ಬೆಟ್ಟದ ಕಡೆಯಿಂದ ಒಂದು ಬಾಗಿಲು ತೆರೆಯಬೇಕು, ತಿರುವುಗಳಲ್ಲಿ ‘ಬೆಟ್ಟಕ್ಕೆ’, ‘ಕೆರೆಗೆ’ ಎಂದು ಬಾಣ ಬರೆದ ಕಲ್ಲು ನೆಡಬೇಕು. ನಾಲ್ಕು ಕಚೇರಿಯವರು ಒಂದು ದಿನ ಒಟ್ಟಿಗೆ ಈ ದಾರಿ ನಡೆದರೆ ಎಲ್ಲಿ ಏನು ಬೇಕೆಂದು ಅವರ ಕಾಲುಗಳೇ ಹೇಳುತ್ತವೆ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಕೋರಿಕೆ. ಬರುವ ಭಾನುವಾರ ಕಾರನ್ನು ಮನೆಯಲ್ಲೇ ಬಿಡಿ. ಬೆಳಕು ಹರಿಯುವ ಹೊತ್ತಿಗೆ ಕುಕ್ಕರಹಳ್ಳಿ ಏರಿಯಿಂದ ಹೊರಟರೆ ಬಿಸಿಲು ಬಲಿಯುವ ಮೊದಲು ಬೆಟ್ಟದ ಪಾದದಲ್ಲಿರುತ್ತೀರಿ. ಮಂಗಳವಾರ ಬೇಡ, ಮೃಗಾಲಯವೂ ಕಾರಂಜಿಯೂ ಅಂದು ರಜೆ. ನೀರು ಒಯ್ಯಿರಿ. ಎಲ್ಲೆಲ್ಲಿ ಚಪ್ಪಡಿ ಕುಸಿದಿದೆ, ಎಲ್ಲೆಲ್ಲಿ ನೆರಳಿಲ್ಲ ಎಂದು ಬರೆದುಕೊಂಡು ಪಾಲಿಕೆಗೆ ಒಂದು ಕಾಗದ ಹಾಕಿ. ನನ್ನದನ್ನು ಹಾಕಿದ್ದೇನೆ.